ಎದುರುಬದುರು ಸೀಟು

ಗಂಡನ ಪಕ್ಕ ಸೀಟು ಬೇಡ ಅಂದ ಗಿರಾಕಿಯನ್ನು ನಾನು ಅವತ್ತೇ ಮೊದಲು ನೋಡಿದ್ದು. ಕೊಳ್ಳೇಗಾಲದ ನನ್ನ ಟ್ರಾವೆಲ್ಸ್ ಅಂಗಡಿಗೆ ರೇಷ್ಮೆ ಸೀರೆ ನೇಯುವ ದಂಪತಿ ಬಂದಿದ್ದರು. ಉಡುಪಿ, ಮುರುಡೇಶ್ವರ, ಗೋಕರ್ಣ ಅಂತ ಕಡಲುದ್ದಕ್ಕೂ ತಿರುಗುವ ಆಸೆ. ಬಸ್ಸಿನಲ್ಲಿ ಜೋಡಿ ಸೀಟು ತೋರಿಸಿದೆ, ಆಯಮ್ಮ ಬೇಡ ಅಂದರು. ಕಾರು ಅಂದೆ, ಅದೂ ಬೇಡ. ಮುನಿಸಿಕೊಂಡು ಪ್ರವಾಸಕ್ಕೆ ಯಾರಾದರೂ ಹೊರಡುತ್ತಾರಾ ಅಂತ ನನಗೆ ಕುತೂಹಲ.

“ಎದುರುಬದುರು ಕೂರೋ ಸೀಟು ಇಲ್ವಾ ಸಾ?”

“ರೈಲಲ್ಲಿ ಐತೆ ಕಣಮ್ಮ. ಎದುರಿಗೇ ಯಾಕೆ?”

“ಇವ್ರು ಮಗ್ಗದಲ್ಲಿ ಕೂತ್ಕತಾರೆ, ನಾನು ಹಿಂದೆ ಕೂತ್ಕಂಡು ನೂಲು ಸುತ್ತೀನಿ. ಮದ್ವೆ ಆದಾಗಿಂದ ಇವ್ರ ಬೆನ್ನೇ ನೋಡಿರೋದು. ಕಡ್ಲು ಯಾವ ಕಡೆ ಬಂದ್ರೂ ಬರ್ಲಿ ಬುಡಿ.”

ಗಂಡ ಗಡ್ಡ ಸವರಿಕೊಂಡು ಎದ್ದು ಹೋದರು. ಸೀಟು ಸಿಕ್ಕಿತು ಅಂತ ಹೇಳಲು ಹೊರಗೆ ಬಂದರೆ, ಪಕ್ಕದ ಸಲೂನಿನಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದಾರೆ.

“ಹೊರಡೋದು ಮುಂದಿನ ತಿಂಗಳಲ್ವಾ?” ಅಂದೆ.

ಕನ್ನಡಿಯಿಂದ ಕಣ್ಣು ತೆಗೆಯದೆ ಅಂದರು: “ಈ ಮುಖಕ್ಕೆ ಅಷ್ಟು ದಿವ್ಸ ಆದ್ರೂ ಬೇಕಲ್ಲಾ ಸಾ.”