ಯಮನ ಗುಮಾಸ್ತನ ನಾಲ್ಕು ಸಾಲು

ಸತ್ತವರನ್ನು ನಾಲ್ಕು ಸಾಲಿಗೆ ಇಳಿಸುವುದರಲ್ಲಿ ಅವನದು ಎತ್ತಿದ ಕೈ. ಪತ್ರಿಕೆಯಲ್ಲಿ ನಿಧನ ವಾರ್ತೆ ಬರೆಯುವ ಕೆಲಸ, ಇಪ್ಪತ್ತೇಳು ವರ್ಷದ್ದು. ಹೆಸರು, ವಯಸ್ಸು, ಉದ್ಯೋಗ, ಹಿಂದೆ ಉಳಿದ ಬಂಧುಗಳು, ಅಷ್ಟರಲ್ಲಿ ಮನುಷ್ಯ ಮುಗಿಯಬೇಕು. ಮನೆಯವರು ಎರಡು ಪುಟ ಬರೆದು ತಂದರೆ ಮೊಣಕಾಲ ಮೇಲೆ ಕೈಯಿಟ್ಟು, ಬೆರಳು ಮಡಚುತ್ತಾ ಪದ ಎಣಿಸುವನು. ‘ಮಮತಾಮಯಿ’ಗೇ ಮೊದಲ ಕತ್ತರಿ. ಕಚೇರಿಯವರು ಯಮನ ಗುಮಾಸ್ತ ಎಂದು ರೇಗಿಸಿದರೆ ಅವನೂ ನಗುತ್ತಿದ್ದ.

ಹತ್ತೊಂಬತ್ತರ ಮಗಳು ಮೂರು ದಿನದ ಜ್ವರಕ್ಕೆ ಹೋದಾಗಲೂ ಅವನೇ ಬರೆದ. ನಾಲ್ಕೇ ಸಾಲು.

ಹೆಂಡತಿ ಆ ಪತ್ರಿಕೆಯನ್ನು ಒಂದು ವರ್ಷ ಹಾಗೇ ಮಡಿಸಿಟ್ಟಿದ್ದಳು. ಬೇಸಿಗೆಯಲ್ಲಿ, ಬರಹಗಾರರ ಹತ್ತು ದಿನದ ವಸತಿ ಶಿಬಿರದ ಅರ್ಜಿಯನ್ನು ತಾನೇ ತುಂಬಿ ಆ ಪತ್ರಿಕೆಯ ಜೊತೆ ಅವನ ಮುಂದಿಟ್ಟಳು.

“ಅವಳು ಇಷ್ಟೇ ಅಲ್ಲಾರೀ. ಅವಳ ಮಾತೆಲ್ಲ ನನಗೆ ಮರೆತು ಹೋಗ್ತಾ ಇದೆ. ಅಲ್ಲಿ ಕೂತು ಪೂರ್ತಿ ಬರ್ಕೊಂಡು ಬನ್ನಿ. ನಾನು ಓದ್ಬೇಕು.”

ಶಿಬಿರ ನಡೆದದ್ದು ರಜೆಗೆ ಖಾಲಿಯಾದ ಹುಡುಗಿಯರ ಹಾಸ್ಟೆಲಿನಲ್ಲಿ. ಕಬ್ಬಿಣದ ಮಂಚ, ಕಿರುಗುಟ್ಟುವ ಫ್ಯಾನು, ಗೋಡೆಯಲ್ಲಿ ಯಾವಳೋ ಅಂಟಿಸಿ ಹೋದ ಪರೀಕ್ಷೆಯ ವೇಳಾಪಟ್ಟಿ. ಅದನ್ನು ನೋಡುತ್ತಾ ಅವನು ಬರೆದ, ಬರೆಯಲಿಲ್ಲವೆಂದರೆ ಸುಳ್ಳಾದೀತು. ಜೋಕು ಹೇಳಿ ಮುಗಿಸುವ ಮೊದಲೇ ಮಗಳು ನಕ್ಕುಬಿಡುವಳು, ಹಾಗಾಗಿ ಅವಳ ಒಂದು ಜೋಕಿನ ಕೊನೆಯೂ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅವಳ ಚಪ್ಪಲಿಯ ಎಡ ಹಿಮ್ಮಡಿಯೇ ಮೊದಲು ಸವೆಯುತ್ತಿತ್ತು. ದಿನಕ್ಕೆರಡು ಪುಟ. ಸಂಜೆ ಚಹಾ ಕುಡಿದು ಮತ್ತೆ ಓದುವಾಗ ಮಾತ್ರ ಕೈ ಸುಮ್ಮನಿರುತ್ತಿರಲಿಲ್ಲ. ಚಪ್ಪಲಿ ಯಾರಿಗೆ ಬೇಕು? ಹೊಡೆದುಹಾಕು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಕೆಲಸ ಕಲಿಸಿದ ಗುಣವೂ ಅಷ್ಟೆ. ಹೊಡೆದುಹಾಕಿದ ಹಾಳೆಗಳನ್ನು ಕಚೇರಿಯಲ್ಲಿ ಮಾಡಿದಂತೆಯೇ ಹರಿದು ಬುಟ್ಟಿಗೆ ಹಾಕುವನು. ಬೆಳಿಗ್ಗೆ ಗುಡಿಸುವವಳು ಅದನ್ನು ಒಯ್ದು ನೀರು ಕಾಯಿಸುವ ಒಲೆಗೆ ಸುರಿಯುವಳು.

ಕೊನೆಯ ದಿನ ಎಲ್ಲರೆದುರು ಓದಿದ. ನಾಲ್ಕು ಸಾಲು. ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ.

“ಒಂದು ಪದ ಹೆಚ್ಚಿಲ್ಲ ನೋಡಿ! ಇದನ್ನ ಕಲೀಬೇಕು ನೀವೆಲ್ಲ,” ಎಂದರು ಶಿಬಿರ ನಡೆಸಿದ ಲೇಖಕಿ.

ಪಾಪಿ, ಬಸ್ಸು ಹತ್ತುವವರೆಗೂ ಉಬ್ಬಿಹೋಗಿದ್ದ.

ಮನೆಗೆ ಬಂದು ಹಾಳೆ ಕೊಟ್ಟಾಗ ಹೆಂಡತಿ ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡಳು. ಓದಲು ಕೂರುವಷ್ಟೂ ಹೊತ್ತು ಹಿಡಿಯಲಿಲ್ಲ.

“ಇದು ಪೇಪರಲ್ಲಿ ಬಂದಿದ್ದೇ ಅಲ್ವೇನ್ರೀ?”

ಅವಳು ಹಾಳೆಯನ್ನು ಮಡಿಸಿ ಪಕ್ಕಕ್ಕಿಟ್ಟಳು.

“ಹೋಗ್ಲಿ ಬಿಡಿ. ನೆನಪಿರೋದನ್ನ ನಾನೇ ಹೇಳ್ತೀನಿ. ಬರೀಬೇಡಿ, ಸುಮ್ನೆ ಕೇಳಿ.”

ಹೇಳತೊಡಗಿದಳು. ಜೋಕಿಗೆ ಮೊದಲೇ ಬರುತ್ತಿದ್ದ ಆ ನಗು, ಜ್ವರದಲ್ಲೂ ಕೇಳಿದ ಹೊಸ ಚಪ್ಪಲಿ. ಅವನು ಬಿಕ್ಕಿ ಬಿಕ್ಕಿ ಅತ್ತ, ನಿಜವಾಗಿಯೇ ಅತ್ತ. ಅವಳು ಸಮಾಧಾನ ಮಾಡಲು ಅವನತ್ತ ಬಾಗಿದಾಗ ಮೊಣಕಾಲ ಮೇಲಿನ ಕೈ ಕಣ್ಣಿಗೆ ಬಿತ್ತು. ಬೆರಳುಗಳು ಒಂದೊಂದಾಗಿ ಮಡಚಿಕೊಳ್ಳುತ್ತಿದ್ದವು.

ಅವಳು ಮಾತು ನಿಲ್ಲಿಸಿದಳು.

“ಎಷ್ಟಾಯ್ತು?” ಎಂದು ಕೇಳಿದಳು.

ಲೆಕ್ಕ ಅವನಿಗೆ ಗೊತ್ತಿತ್ತು. ಅಂದಿನಿಂದ ಅವಳು ಅವನೆದುರು ಮಗಳ ಮಾತೆತ್ತಲಿಲ್ಲ.