ಕೆರೆಸ್ತೂರಿಯವರ ಮನೆ ಹೆಸರು

"ಕೆಂಗೇರಿಯವರು ಇಷ್ಟು ಕೆಂಪಗಿರ್ತಾರಾ ಮಾಷ್ಟ್ರೇ?"

ಕೇಳಿದ್ದು ಚೆಟ್ಟಳ್ಳಿಯ ಕಾಫಿ ಎಸ್ಟೇಟಿನ ರೈಟರ್, ಅಂದರೆ ಗುಮಾಸ್ತ, ಮುತ್ತಣ್ಣ. ಕೆಂಗೇರಿಯಲ್ಲ ಮಾರಾಯ, ಹಂಗೇರಿ ಎಂದೆ. ಅದೆಲ್ಲಿ ಎಂದ. ಯುರೋಪಿನಲ್ಲಿ ಎಂದೆ. ಯುರೋಪಿನಲ್ಲಿ ಎಲ್ಲಿ ಎಂದ. ಶಾಲೆಯಲ್ಲಿ ಭೂಗೋಳ ಕಲಿಸುವ ನಾನು ಜೋರಾಗಿ ಕೆಮ್ಮಿದೆ. (ಇಂಥ ಹೊತ್ತಿಗೆ ಮಡಿಕೇರಿಯ ಚಳಿ ಬಹಳ ಉಪಕಾರಿ.)

ಹಂಗೇರಿಯ ಅತಿಥಿ ಪ್ರೊಫೆಸರ್ ಎಲ್. ಕೆರೆಸ್ತೂರಿ. ಜಪಾನಿನಿಂದ ಊರಿಗೆ ಹೊರಟವರಿಗೆ ಹಡಗಿನಲ್ಲಿ ಜ್ವರ ಹಿಡಿದು ದಾರಿಯಲ್ಲೇ ಇಳಿಯಬೇಕಾಯಿತು. ಬೆಟ್ಟದ ಗಾಳಿ ಬೇಕು ಎಂದರು ಡಾಕ್ಟರು. ಮುತ್ತಣ್ಣನ ಎಸ್ಟೇಟಿನ ಬಂಗಲೆಗೆ ಬಂದು ನಾಲ್ಕು ತಿಂಗಳಾಯಿತು. ಮುತ್ತಣ್ಣನ ಇಂಗ್ಲಿಷು ಪಿಕಿಂಗು, ಪ್ರೂನಿಂಗಿನಲ್ಲೇ ಮುಗಿಯುವುದರಿಂದ ಇಬ್ಬರ ನಡುವೆ ದುಭಾಷಿ ನಾನು.

ಮನೆಯವರು ಇವರನ್ನು ಲಾಯರ್ ಆಗಲಿ ಎಂದು ಬುಡಾಪೆಸ್ಟಿಗೆ ಕಳಿಸಿದ್ದರಂತೆ. ಅಲ್ಲಿ ಹಳೇ ಪುಸ್ತಕದಂಗಡಿಯಲ್ಲಿ ಒಂದು ಜಪಾನಿ ವ್ಯಾಕರಣ ಕಣ್ಣಿಗೆ ಬಿತ್ತು. ಅಷ್ಟೇ, ಕೋರ್ಟು ಒಬ್ಬ ಲಾಯರನ್ನು ಕಳೆದುಕೊಂಡಿತು. ಕ್ಯೋಟೋಗೆ ಹೋದರು, ಜರ್ಮನ್ ಪಾಠ ಹೇಳಿ ಹೊಟ್ಟೆ ಹೊರೆದರು. ಎಷ್ಟೋ ಶತಮಾನಗಳ ಹಿಂದೆ ಅಲ್ಲಿನ ಅರಮನೆಯ ಹೆಂಗಸರು ಬರೆದಿಟ್ಟ ದಿನಚರಿಗಳನ್ನು ತಮ್ಮ ಭಾಷೆಗೆ ತಂದರು. ಹನ್ನೊಂದು ವರ್ಷದ ಕೆಲಸ! ಕಷ್ಟದ ಕೆಲವು ಮಾತು ನೋಡಿಕೊಡಲು ಹಸ್ತಪ್ರತಿಯನ್ನು ಜಪಾನಿ ಗೆಳೆಯರೊಬ್ಬರ ಬಳಿ ಬಿಟ್ಟು ಬಂದಿದ್ದರು. ಇಲ್ಲಿಗೇ ಕಳಿಸಿ ಎಂದು ಕಾಗದ ಬರೆದಿದ್ದರಿಂದ ಅದು ಅಂಚೆಯಲ್ಲಿ ಮಡಿಕೇರಿ ಪೋಸ್ಟಾಫೀಸಿಗೆ ಬರಬೇಕಿತ್ತು.

"ನಕಲು ಇದೆಯಾ?" ಎಂದೆ. ಇಲ್ಲವಂತೆ. ನನಗೇ ಬೆವರು ಬಂತು.

ಕಳೆದ ಮಂಗಳವಾರ ಮೂವರೂ ಪೋಸ್ಟಾಫೀಸಿಗೆ ಹೋದೆವು. ಇದು ನಾಲ್ಕನೇ ಸಲ. ಪೋಸ್ಟ್ ಮಾಸ್ಟರು ಕೆ ಅಕ್ಷರದ ಖಾನೆಯಲ್ಲಿ ಕೈಯಾಡಿಸಿದರು. ಕೆರೆಸ್ತೂರಿ ಇಲ್ಲ.

"ಬಿಳಿಯರ ಪಾರ್ಸೆಲ್ ಅಂತ ಇದ್ದದ್ದು ಒಂದೇ, ಅದು ಮಿಸ್ಟರ್ ಕೆ. ಲಾಸ್ಲೊ ಅನ್ನೋರದ್ದು. ಯಾರೂ ಕೇಳಿಕೊಂಡು ಬರಲಿಲ್ಲ. ಈಗ ಮೈಸೂರು ಬಸ್ಸಿಗೆ ವಾಪಸ್ಸು ಹಾಕ್ತಿದ್ದೇನೆ," ಎಂದರು ಕನ್ನಡದಲ್ಲಿ.

ಯಾರೋ ಬೇರೆ ದೊರೆ ಇರಬೇಕು ಎಂದುಕೊಂಡು ನಾನು ಪ್ರೊಫೆಸರಿಗೆ ಅದನ್ನು ಹೇಳಲೂ ಇಲ್ಲ. "ಬಂದಿಲ್ಲ ಸರ್," ಎಂದೆ ಚುಟುಕಾಗಿ. (ದುಭಾಷಿಗಳೇ, ಎಲ್ಲವನ್ನೂ ಹೇಳಿಬಿಡಿ. ಜಾಣತನ ಬೇಡ.)

ಪಾಪ, ಆ ಮನುಷ್ಯ ಹೊರಗಿನ ಬೆಂಚಿನ ಮೇಲೆ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಏನು ಸಮಾಧಾನ ಹೇಳುವುದು? ಮುತ್ತಣ್ಣ ಮಾತ್ರ ಪಕ್ಕದಲ್ಲಿ ಕೂತು, "ಇವರ ಮನೆ ಹೆಸರು ಎಂತ? ಕೇಳಿ ಮಾಷ್ಟ್ರೇ," ಎಂದ.

ಕೊಡವರ ಮನೆಯಲ್ಲಿ ಯಾರಿಗಾದರೂ ಕೇಳುವ ಮೊದಲ ಪ್ರಶ್ನೆ ಇದು. ಆದರೆ ಹೊತ್ತುಗೊತ್ತು ಬೇಡವಾ?

"ಸಂಬಂಧ ಕುದುರಿಸೋಕೆ ಬಂದಿದ್ದೀಯೇನಯ್ಯ?" ಎಂದು ಗದರಿಸಿಯೇ ಕೇಳಿದೆ.

ಪ್ರೊಫೆಸರು ತಲೆಯೆತ್ತಿದರು. ಮುಖದಲ್ಲಿ ಸಣ್ಣ ನಗು. "ಕೆರೆಸ್ತೂರಿಯೇ ಮನೆತನದ ಹೆಸರು. ನಮ್ಮಲ್ಲಿ ಅದೇ ಮೊದಲು, ನನ್ನ ಹೆಸರು ಆಮೇಲೆ. ಕೆರೆಸ್ತೂರಿ ಲಾಸ್ಲೊ. ಜಪಾನಿನವರೂ ಹಾಗೇ. ಆ ಹಳೇ ವ್ಯಾಕರಣದಲ್ಲಿ ನಾನು ಮೊದಲು ಕಂಡದ್ದೇ ಅದನ್ನು. ಇವರು ನಮ್ಮವರು ಅನ್ನಿಸಿಬಿಟ್ಟಿತು. ಇಂಗ್ಲಿಷಿನವರಿಗೋಸ್ಕರ ತಿರುಗಿಸಿ ಬರೀತೇನೆ."

ನಾನು ಅನುವಾದ ಮುಗಿಸುವಷ್ಟರಲ್ಲಿ ಮುತ್ತಣ್ಣ ಎದ್ದು ನಿಂತಿದ್ದ. "ಅಯ್ಯಯ್ಯೋ, ನಮ್ಮ ಕೊಡವರ ಹಾಗೇ! ನಾನು ಮಂದಚೇರಂಡ ಮುತ್ತಣ್ಣ, ಇವರು ಕೆರೆಸ್ತೂರಿ ಲಾಸ್ಲೊ! ಮಾಷ್ಟ್ರೇ... ಕೆ. ಲಾಸ್ಲೊ!"

ಓಡಿದೆವು. ಅಂಚೆ ಚೀಲ ಬಸ್ಸಿನ ನೆತ್ತಿಗೆ ಏರುತ್ತಿತ್ತು. ಮುತ್ತಣ್ಣ ಅದರ ಕೆಳಗಿನ ತುದಿ ಹಿಡಿದು ನೇತಾಡಿಯೇ ಬಿಟ್ಟ.

ಆದದ್ದು ಇಷ್ಟು. ಜಪಾನಿ ಗೆಳೆಯರು ಮನೆ ಹೆಸರು ಮೊದಲು, ಅದನ್ನೂ ಬರೀ ಕೆ ಎಂದು ಬರೆದಿದ್ದರು. ಬಿಳಿಯರು ತಾನೇ, ಕೊನೆಯದೇ ಮನೆತನ ಎಂದು ಪೋಸ್ಟ್ ಮಾಸ್ಟರು ಪಾರ್ಸೆಲನ್ನು ಎಲ್ ಖಾನೆಗೆ ಹಾಕಿದ್ದರು.

"ಪಾಸ್‌ಪೋರ್ಟಿನಲ್ಲಿ ಹೆಸರು ಹಿಂದುಮುಂದಾಗಿದೆಯಲ್ಲ. ಹೇಗ್ರೀ ಕೊಡೋದು?" ಎಂದರು ಪಾಸ್‌ಪೋರ್ಟ್ ನೋಡಿದ ಪೋಸ್ಟ್ ಮಾಸ್ಟರು.

ಮುತ್ತಣ್ಣನಿಗೆ ರೇಗಿತು. "ನಮ್ಮ ಎಸ್ಟೇಟಿನ ಇಂಗ್ಲಿಷ್ ದೊರೆ ಮುತ್ತಣ್ಣ ಮಂದಚೇರಂಡ ಅಂತ ಬರೀತಾರೆ. ನಮ್ಮಪ್ಪ ಮಂದಚೇರಂಡ ಮುತ್ತಣ್ಣ ಅಂತಾರೆ. ಹಾಗಾದ್ರೆ ನಾನು ಇಬ್ಬರಾ? ಇಬ್ಬರಾಗಿದ್ರೆ ಒಬ್ಬನನ್ನ ಪಿಕಿಂಗ್ ನೋಡೋಕೆ ಕಳಿಸಿ ಇನ್ನೊಬ್ಬ ಮನೇಲಿ ಮಲಗಿರ್ತಿದ್ದೆ!"

ಪೋಸ್ಟ್ ಮಾಸ್ಟರು ನಗು ತಡೆಯಲಾರದೆ ಸೀಲು ಒಡೆದು ಚೀಲ ಬಿಚ್ಚಿದರು. ಎರಡು ಥರವೂ ಸಹಿ ಹಾಕಿಸಿಕೊಂಡು ಪಾರ್ಸೆಲ್ ಕೊಟ್ಟರು.

ಒಂದು ಹಾಳೆಯೂ ಕಾಣೆಯಾಗಿರಲಿಲ್ಲ. ಪ್ರೊಫೆಸರು ಮುತ್ತಣ್ಣನನ್ನು ತಬ್ಬಿಕೊಂಡು ಗಿರ್ರನೆ ಒಂದು ಸುತ್ತು ಸುತ್ತಿಸಿದರು. ಆಮೇಲೆ ಅದೇ ಬೆಂಚಿನ ಮೇಲೆ ಕೂತು ಒಂದು ಪುಟ ಜಪಾನಿಯಲ್ಲಿ, ಒಂದು ಪುಟ ಹಂಗೇರಿಯನ್ ಭಾಷೆಯಲ್ಲಿ ಗಟ್ಟಿಯಾಗಿ ಓದಿದರು. ನಮಗೆ ಅಕ್ಷರವೂ ಅರ್ಥವಾಗಲಿಲ್ಲ. ಆದರೂ ಬಸ್ಸಿನವರು ಸಹ ನಿಂತು ಕೇಳಿದರು, ಮೈಸೂರಿಗೆ ತಡವಾಯಿತು. ನನಗಂತೂ ಅಷ್ಟು ಖುಷಿಯಾದ ದಿನ ಈಚೆಗೆ ನೆನಪಿಲ್ಲ.

ಸಂಜೆ ಎಸ್ಟೇಟಿನ ದೊರೆ ಎಲ್ಲ ಕೇಳಿ ನಕ್ಕರು. "ಹೆಸರನ್ನು ಉಲ್ಟಾ ಬರೆದರೆ ಇನ್ನೇನಾಗುತ್ತೆ?" ಎಂದರು. ಎದುರಿಗೆ ಉತ್ತರ ಕೊಡುವ ಧೈರ್ಯ ನನಗಿರಲಿಲ್ಲ. ಅವರಿಗೆ ಕನ್ನಡ ಓದಲು ಬಾರದಾದ್ದರಿಂದ ಇಲ್ಲಿ ಧಾರಾಳವಾಗಿ ಕೇಳುತ್ತೇನೆ:

ಮನೆ ಹೆಸರನ್ನು ಕೊನೆಗೆ ಬರೆಯುವ ದೊರೆಗಳೇ, ನೀವು ಮನೆಗೆ ಕಾಲಿಡುವ ಮೊದಲೇ ಕೋಣೆಯೊಳಗೆ ಹೇಗೆ ಹೋಗುತ್ತೀರಿ?