ಸೌಳು ನೀರಲ್ಲಿ ತೊಳೆದ ಹತ್ತಿಕಟ್ಟಿಗೆ

ತೊಗರಿಬೇಳೆಯ ಒಂದು ಕಾಳನ್ನು ಬೆರಳುಗಳ ನಡುವೆ ಒತ್ತಿದೆ. ಎರಡು ಗಂಟೆ ಕುದ್ದಿದ್ದರೂ ಹಿಸುಕಲು ಬರಲಿಲ್ಲ. ಮೈಸೂರು ಬಿಟ್ಟು ರಾಯಚೂರಿಗೆ ಬಂದ ಮೂರನೆಯ ದಿನ ಅದು.

"ಸೌಳು ನೀರಾಗ ಇಟ್ಟೀರೇನ್ರಿ ಅಕ್ಕೋರೆ?" ಮನೆಯೊಡತಿ ಮಲ್ಲಮ್ಮ ನಕ್ಕರು. "ನಿಮ್ಮ ಮೈಸೂರಾಗ ಬ್ಯಾಳಿ ಹೇಳಿದಂಗ ಕೇಳ್ತಾವೇನೋ. ಇಲ್ಲಿ ಸಿಹಿನೀರು ಬೇಕ್ರಿ."

ಅಕ್ಕೋರು ಎಂದರೆ ಇಲ್ಲಿ ಪಾಠ ಹೇಳುವ ಹೆಂಗಸು. ನಾನು ಪಾಠ ಹೇಳುವವಳಲ್ಲ ಎಂದರೂ ಹೆಸರು ಉಳಿಯಿತು. ಅಂಗಳದ ಬಾವಿಯದು ಸುಣ್ಣದ ಅಂಶ ಹೆಚ್ಚಿರುವ ಸೌಳು ನೀರು. ಅಡುಗೆಯ ನೀರನ್ನು ಎರಡು ಬೀದಿ ದಾಟಿ ತರಬೇಕು.

ನಾನು ಬಂದದ್ದು ಹತ್ತಿಕಟ್ಟಿಗೆಗಾಗಿ. ಹತ್ತಿ ಬಿಡಿಸಿದ ಮೇಲೆ ಉಳಿಯುವ ಗಿಡ ದೇವದುರ್ಗ, ಮಾನ್ವಿ ಕಡೆ ಒಲೆಗೆ ಹೋಗುತ್ತದೆ. ಅದರ ನಾರಿನ ಸೆಲ್ಯುಲೋಸ್ ಎಂಬುದು ಸಕ್ಕರೆಯ ಉದ್ದನೆಯ ಸರಪಳಿ. ಆಮ್ಲ ಅದನ್ನು ತುಂಡರಿಸಿದರೆ ಸಕ್ಕರೆ, ಸಕ್ಕರೆಯಿಂದ ಮದ್ಯಸಾರ ಮತ್ತಿತರ ರಾಸಾಯನಿಕಗಳು. ದ್ರವ ಆಮ್ಲ ಪಾತ್ರೆಯನ್ನೂ ತಿನ್ನುತ್ತದೆ, ಮರಳಿ ಸಿಗುವುದಿಲ್ಲ. ನನ್ನದು ಘನ ಆಮ್ಲ: ಸಾಸಿವೆಗಿಂತ ಸಣ್ಣ ರಾಳದ ಮಣಿಗಳು. ಬೇರ್ಪಡಿಸಿ ಮತ್ತೆ ಬಳಸಬಹುದು.

ಮೈಸೂರಿನಲ್ಲಿ ಮರದ ಹೊಟ್ಟಿನಿಂದ ಸಕ್ಕರೆ ಬಂದಿತ್ತು. ಇಲ್ಲಿ, ಕಾಲೇಜಿನ ಪ್ರಯೋಗಾಲಯದಲ್ಲಿ, ಆರು ವಾರ ಏನೂ ಬರಲಿಲ್ಲ. ತಿಂಗಳ ಕೊನೆಯವರೆಗೆ ನೋಡಿ, ಇಲ್ಲವಾದರೆ ಕೆಲಸ ಮುಚ್ಚಿ ಹಿಂತಿರುಗಿ ಎಂದು ಮೈಸೂರಿನಿಂದ ನನ್ನ ಸಂಶೋಧನೆಯ ಮಾರ್ಗದರ್ಶಕರು ಬರೆದರು. ನಾನು ಹಿಂತಿರುಗುವೆನೆಂದು ಅಮ್ಮ ನನ್ನ ಕೋಣೆಗೆ ಬಣ್ಣ ಹೊಡೆಸಿದರು. ಹೋಗಲು ನನಗೆ ಮನಸ್ಸಿಲ್ಲ ಎಂಬುದು ತಿಳಿದದ್ದು ಆಗಲೇ.

ಬೀಸಿ ತೊಳೆದ ಹತ್ತಿಕಟ್ಟಿಗೆಯ ಪುಡಿಯನ್ನು ಅಂಗಳದಲ್ಲಿ ಒಣಹಾಕುತ್ತಿದ್ದಾಗ ಮಲ್ಲಮ್ಮ ಬಂದು ಕೂತರು. "ಕಟ್ಟಿಗಿ ಸುಡೂದು ಬಿಟ್ಟು ಬೀಸಾಕತ್ತೀರಿ. ತೊಳಿತೀರಿ ಬ್ಯಾರೆ. ಯಾವ ನೀರಾಗ?"

"ಬಾವಿ ನೀರಲ್ಲಿ. ಮಣ್ಣು ಹೋದರೆ ಸಾಕಲ್ಲ."

"ಬ್ಯಾಳಿಗೆ ಆಗದ ನೀರು ಇದಕ್ಕ ಆಗ್ತದೇನ್ರಿ?"

ಪುಡಿಯನ್ನು ಅಲ್ಲೇ ಬಿಟ್ಟು ಪ್ರಯೋಗಾಲಯಕ್ಕೆ ಹೋಗಿ ಮಣಿಗಳನ್ನು ಪರೀಕ್ಷಿಸಿದೆ. ಪುಡಿಯಲ್ಲಿ ಉಳಿದ ಸುಣ್ಣ ಮಣಿಗಳೊಳಗೆ ಸೇರಿ ಆಮ್ಲದ ಜಾಗ ಹಿಡಿದಿತ್ತು. ರಸಾಯನಶಾಸ್ತ್ರ ಓದಿದವಳಿಗೆ ಹೊಳೆಯಬೇಕಾಗಿತ್ತು. ಮೈಸೂರಿನಲ್ಲಿ ನಲ್ಲಿಯ ಸಿಹಿನೀರಲ್ಲಿ ತೊಳೆದೇ ಅಭ್ಯಾಸ.

ಮಣಿಗಳನ್ನು ಆಮ್ಲದಲ್ಲಿ ನೆನೆಸಿ ಮೊದಲಿನಂತೆ ಮಾಡಿದೆ. ಹೊಸ ಪುಡಿಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದೆ. ನಾಲ್ಕನೆಯ ದಿನ, ನೀಲಿ ಪರೀಕ್ಷಾ ದ್ರಾವಣ ಬೆರೆಸಿ ಕಾಯಿಸಿದ ಗಾಜಿನ ನಳಿಕೆಯ ತಳದಲ್ಲಿ ಇಟ್ಟಿಗೆಗೆಂಪು ಕೂತಿತು. ಸಕ್ಕರೆ ಇದ್ದರೆ ಹಾಗೆ ಕೂರುತ್ತದೆ. ಬಂದದ್ದು ಸ್ವಲ್ಪವೇ, ಆದರೆ ಕೆಲಸ ಮುಂದುವರಿಸಲು ಸಾಲುವಷ್ಟು.

"ಅಂದ್ರ ಊರಿಗೆ ಹೋಗಂಗಿಲ್ಲ?" ಮಲ್ಲಮ್ಮ ಕೇಳಿದರು.

"ಇನ್ನೊಂದು ವರ್ಷ ಇಲ್ಲೇ."

"ಹಂಗಾದ್ರ ಒಂದು ಕೊಡ ತಗೋರಿ. ನನ್ನ ಕೊಡ ಎಷ್ಟು ದಿನ ಒಯ್ತೀರಿ?"

ಮರುದಿನ ಬೆಳಿಗ್ಗೆ ಅಮ್ಮನಿಗೆ ಬರೆದೆ: ಯುಗಾದಿಗೆ ನಾಲ್ಕು ದಿನ ಬರುತ್ತೇನೆ, ಕೋಣೆಯನ್ನು ತಂಗಿಗೆ ಕೊಡಿ. ಎರಡನೆಯ ಮಾತನ್ನು ಹೊಡೆದುಹಾಕಿದೆ. ಮತ್ತೆ ಅದನ್ನೇ ಕೆಳಗೆ ಬರೆದೆ. ಕಾಗದವನ್ನು ಅಂಚೆ ಡಬ್ಬಿಗೆ ಹಾಕಿ, ಕಟ್ಟಿಗೆ ತರಲು ಎರಡು ಖಾಲಿ ಚೀಲ ಹಿಡಿದು, ಮಾನ್ವಿಯ ಬಸ್ಸು ಹತ್ತಿದೆ.